ಪಕ್ಕದ ಮನೆಯ ಮಾರ್ಮನ್ ಹುಡುಗಿ ಮಿಷನ್‌ಗೆ ಹೊರಟಿದ್ದಾಳೆ: ತಿಳಿದವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವಿರುವುದು ಯೂಟಾ ರಾಜ್ಯದ ಲೀಹೈನಲ್ಲಿ, ಸಾಲ್ಟ್ ಲೇಕ್ ಸಿಟಿಗೂ ಪ್ರೋವೋಗೂ ನಡುವೆ. ಪಕ್ಕದ ಮನೆಯವರು ಮಾರ್ಮನ್ನರು, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಅವರ ಎರಡನೇ ಮಗಳಿಗೆ ಈಗ ಹತ್ತೊಂಬತ್ತು. ನನ್ನ ಮಗಳು ತೊದಲು ಮಾತಾಡುವ ಕಾಲದಿಂದ, ನಾವಿಬ್ಬರೂ ಆಫೀಸಿನಿಂದ ಬರುವವರೆಗೆ ಅವಳನ್ನು ನೋಡಿಕೊಂಡವಳು ಈ ಹುಡುಗಿಯೇ. ಈಗ ಒಂದೂವರೆ ವರ್ಷಕ್ಕೆ ತೈವಾನ್‌ಗೆ ಮಿಷನ್ (ಧರ್ಮಪ್ರಚಾರ) ಸೇವೆಗೆ ಹೊರಟಿದ್ದಾಳೆ. ಬರುವ ಭಾನುವಾರ ಅವರ ಚರ್ಚಿನಲ್ಲಿ ಅವಳು ಮಾತಾಡುತ್ತಾಳಂತೆ, ಆಮೇಲೆ ಮನೆಯಲ್ಲಿ ಎಲ್ಲರಿಗೂ ಊಟ. ನಮ್ಮನ್ನೂ ಕರೆದಿದ್ದಾರೆ. ನಮ್ಮಂಥವರು ಒಳಗೆ ಹೋಗಬಹುದೇ? ಏನು ಉಟ್ಟುಕೊಳ್ಳಬೇಕು? ಸಭೆಯಲ್ಲಿ ಪ್ರಸಾದದ ಹಾಗೆ ರೊಟ್ಟಿ (ಬ್ರೆಡ್) ನೀರು ಕೊಡುತ್ತಾರಂತೆ, ತೆಗೆದುಕೊಳ್ಳಬೇಕೇ? ಕೈಯಲ್ಲಿ ಏನು ಹಿಡಿದುಕೊಂಡು ಹೋಗಲಿ?

ಇಲ್ಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಇದನ್ನೇ ಕೇಳಿದೆ. "ಅವರ ಸಹವಾಸ ಬೇಡ, ಮೊದಲು ಮಗಳನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಮತಕ್ಕೆ ಸೇರಿಸುತ್ತಾರೆ" ಎಂದು ಇಬ್ಬರು ಮೂವರು ಬರೆದರು. ನನಗೆ ತುಂಬ ಬೇಜಾರಾಯಿತು. ಹಾಗೆಂದವರು ಯಾರೂ ಈ ಮಗುವಿನ ಬದುಕನ್ನು ಹತ್ತಿರದಿಂದ ನೋಡಿಲ್ಲ. ನಾನು ನೋಡಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿದ್ದಾಗ ಪ್ರತಿದಿನ ಒಂದು ಪೀರಿಯಡ್ ಶಾಲೆಯಿಂದ ಎದ್ದು, ಕಾಂಪೌಂಡಿನ ಪಕ್ಕದಲ್ಲೇ ಇರುವ ಚರ್ಚಿನ ಕಟ್ಟಡಕ್ಕೆ ಹೋಗಿ ಧರ್ಮಗ್ರಂಥ ಓದಿ ಬರುತ್ತಿದ್ದಳು. ಸೆಮಿನರಿ ಅನ್ನುತ್ತಾರೆ, ನಾಲ್ಕು ವರ್ಷದ ಪಾಠ. ಯೂಟಾದಲ್ಲಿ ಶಾಲೆಯ ಹೊತ್ತಿನಲ್ಲೇ ಇದಕ್ಕೆ ಬಿಡುವು ಸಿಗುತ್ತದೆ. ಬೇರೆ ರಾಜ್ಯಗಳ ಮಕ್ಕಳಾದರೆ ಬೆಳಗಿನ ಆರು ಗಂಟೆಗೆಲ್ಲ ಎದ್ದು ಹೋಗುತ್ತಾರಂತೆ. ಸೋಮವಾರ ಸಂಜೆ ಅವಳನ್ನು ಎಲ್ಲಿಗೂ ಕರೆಯುವಂತಿಲ್ಲ, ಅದು ಮನೆಯವರೆಲ್ಲ ಕೂತು ಓದುವ, ಹಾಡುವ, ಆಡುವ ಸಂಜೆ. ಭಾನುವಾರ ಅಂಗಡಿಗೆ ಹೋಗುವುದಿಲ್ಲ, ಪೆಟ್ರೋಲನ್ನೂ ಶನಿವಾರವೇ ಹಾಕಿಸಿಡುತ್ತಾರೆ. ಕಾಫಿ, ಟೀ, ಸಿಗರೇಟು, ಮದ್ಯ ಯಾವುದೂ ಇಲ್ಲ. ನಮ್ಮ ಮನೆಗೆ ಬಂದಾಗ ನಾನು ಜೀರಿಗೆ ಕೊತ್ತಂಬರಿ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಕೊಡುತ್ತೇನೆ. ಟೀ ಸೊಪ್ಪು ಇಲ್ಲವೆಂದು ಕೇಳಿಕೊಂಡು ಕುಡಿಯುತ್ತಾಳೆ. ಈಗಂತೂ ಪುಡಿ ಕೂಡ ಕೇಳಿ ಒಯ್ಯುತ್ತಾಳೆ.

ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ. ಆ ಎರಡು ಊಟಕ್ಕೆ ಆಗುತ್ತಿದ್ದ ಖರ್ಚನ್ನು ಬಡವರಿಗೆಂದು ಕೊಡಬೇಕು. ನಮ್ಮಜ್ಜಿ ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಮಠದ ಹುಡುಗರ ಹಾಸ್ಟೆಲಿಗೆಂದು ಒಂದು ಹಿಡಿ ಬೇರೆ ಡಬ್ಬಿಗೆ ಹಾಕುತ್ತಿದ್ದದ್ದು ನನಗೆ ನೆನಪಾಗುತ್ತದೆ. ಇದು ಸಾಲದೆಂಬಂತೆ ದುಡಿದದ್ದರಲ್ಲಿ ಹತ್ತನೇ ಒಂದು ಪಾಲು ಚರ್ಚಿಗೆ. ಸೋಡಾ ಅಂಗಡಿಯಲ್ಲಿ ನಿಂತು ದುಡಿದ ಹುಡುಗಿ ಮೊದಲು ಆ ಪಾಲನ್ನು ತೆಗೆದಿಟ್ಟು, ಉಳಿದದ್ದನ್ನು ಮಿಷನ್‌ಗೆ ಕೂಡಿಸಿದಳು. ಮಿಷನ್ ಅಂದರೆ ಸಂಬಳದ ಕೆಲಸ ಅಲ್ಲ. ಅಮೆರಿಕದಿಂದ ಹೋಗುವವರೇ ತಿಂಗಳಿಗೆ 400 ಡಾಲರ್ ಕಟ್ಟಬೇಕು.

ಧಾರವಾಡದಾಂವ

ಅಕ್ಕಾರ, ಖುಷಿಲಿಂದ ಹೋಗ್ರಿ. ನಾ ಸಾಲ್ಟ್ ಲೇಕ್‌ನ್ಯಾಗ ಭಾಳ ವರ್ಷ ಇದ್ದಾಂವ, ಇಂಥಾ ಬೀಳ್ಕೊಡುಗೆಗೆ ಹೋಗೇನಿ.

ನೀವು ಹೋಗೂದು ಮೀಟಿಂಗ್‌ಹೌಸ್‌ಗೆ, ಅಲ್ಲೆ ಯಾರು ಬೇಕಾದ್ರೂ ಹೋಗಬಹುದು. ಟೆಂಪಲ್ ಅಂತ ಬಿಳಿ ಗೋಪುರದ್ದು ಬ್ಯಾರೆ ಇರ್ತದ, ಅದರಾಗ ಮಾತ್ರ ಬಿಷಪ್ ಕಡೆಯಿಂದ ಪರವಾನಗಿ ಚೀಟಿ ಪಡೆದ ಸದಸ್ಯರಿಗೇ ಪ್ರವೇಶ. ಭಾನುವಾರದ್ದು ಎರಡು ತಾಸಿನ ಕಾರ್ಯಕ್ರಮ. 2019ರ ಜನವರಿತನಕ ಮೂರು ತಾಸು ಇತ್ತು. ಮೊದಲನೇ ತಾಸಿನ್ಯಾಗ ಆಕಿ ಮಾತು ಇರ್ತದ, ನೀವು ಅಷ್ಟು ಕೂತು ಬಂದ್ರೂ ನಡೀತದ.

ರೊಟ್ಟಿ, ಸಣ್ಣ ಕಪ್‌ನ್ಯಾಗ ನೀರು ತಟ್ಟೆಯೊಳಗ ಸಾಲಿನುದ್ದಕ್ಕೂ ಬರ್ತದ. ನೀವು ತಗೋಬೇಕಂತಿಲ್ಲ, ಸುಮ್ನ ಪಕ್ಕದವ್ರಿಗೆ ದಾಟಿಸ್ರಿ, ಯಾರೂ ಏನೂ ಅನ್ಕೊಳ್ಳೂದಿಲ್ಲ. ಕಾಣಿಕೆ ತಟ್ಟೆ ಬರೂದಿಲ್ಲ. ಸಂಬಳದ ಪಾದ್ರಿ ಇಲ್ಲ. ಬಿಷಪ್ ಅಂದ್ರ ವಾರೆಲ್ಲಾ ಹಲ್ಲಿನ ಡಾಕ್ಟರೋ ಪ್ಲಂಬರೋ ಆಗಿರ್ತಾನ, ಕೆಲವು ವರ್ಷ ಪುಕ್ಕಟೆ ಸೇವಾ ಮಾಡಿ ಇನ್ನೊಬ್ಬಗ ಬಿಟ್ಟುಕೊಡ್ತಾನ. ಮಾತಾಡೂ ಜನಾನೂ ಅವರವರಲ್ಲೇ ಸರದಿ ಮ್ಯಾಲೆ. ಹನ್ನೆರಡನೇ ವಯಸ್ಸಿನಿಂದ ಮಕ್ಕಳಿಗೆ ಮೈಕ್ ಮುಂದ ನಿಂತು ಮಾತಾಡೂ ರೂಢಿ ಬೀಳ್ತದ. ನಾ ಕಂಡಂಗ ಈ ಹುಡುಗಿಯರ ಧೈರ್ಯದ ಮೂಲ ಅಲ್ಲೇ ಅದ.

ನಿಮ್ಮ ಸೀರಿ ಉಟ್ಟುಕೊಂಡು ಹೋಗ್ರಿ. ಮಗು ಅತ್ತರೆ ಅಂಜಬ್ಯಾಡ್ರಿ, ಅಲ್ಲೆ ಅರ್ಧ ಸಭಾ ಮಕ್ಕಳೇ ಇರ್ತಾವ.

ಹಳೇಮೈಸೂರು

ತುಂಗಾತೀರ ಅವರೇ, ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಎರಡು ಮಾತು ಕೇಳಲೇಬೇಕು. ಒಂದು, ಇವರಲ್ಲಿ ಒಬ್ಬನಿಗೆ ಹಲವು ಹೆಂಡತಿಯರು ಎಂದು ಓದಿದ್ದೇನೆ. ಅಂಥ ಸಮಾಜದಲ್ಲಿ ಒಬ್ಬ ಹೆಣ್ಣುಮಗಳ ನಂಬಿಕೆಗೆ ಎಷ್ಟು ಸ್ವಾತಂತ್ರ್ಯ ಇರಲು ಸಾಧ್ಯ? ಎರಡು, ತೈವಾನ್‌ಗೆ ಅವಳು ಹೋಗುತ್ತಿರುವುದೇ ಜನರನ್ನು ತಮ್ಮ ಮತಕ್ಕೆ ಕರೆಯಲು. ಅದನ್ನು ಸೇವೆ ಎನ್ನುವುದು ಸರಿಯೇ? ನಮ್ಮೂರಲ್ಲಿ ಯಾರಾದರೂ ಹಾಗೆ ಬಂದರೆ ನಾವೇ ಏನೆನ್ನುತ್ತೇವೆ?

ಧಾರವಾಡದಾಂವ

ಹಳೇಮೈಸೂರು ಸರ್, ಬಹುಪತ್ನಿತ್ವ ಇತ್ತು, ಅದನ್ನ ಅವರೂ ಮುಚ್ಚಿಡೂದಿಲ್ಲ. ಜೋಸೆಫ್ ಸ್ಮಿತ್ 1830ರಾಗ ನ್ಯೂಯಾರ್ಕ್ ರಾಜ್ಯದಾಗ ಈ ಚರ್ಚ್ ಶುರು ಮಾಡಿದ. 1844ರಾಗ ಇಲಿನಾಯ್ ರಾಜ್ಯದ ಜೈಲಿನ್ಯಾಗ ಇದ್ದಾಗ ಗುಂಪು ನುಗ್ಗಿ ಅವನ್ನ ಕೊಂದರು. ಬ್ರಿಗ್‌ಹ್ಯಾಮ್ ಯಂಗ್ ಉಳಿದವರನ್ನ ಕರಕೊಂಡು 1847ರ ಜುಲೈ 24ಕ್ಕ ಸಾಲ್ಟ್ ಲೇಕ್ ಕಣಿವಿಗೆ ಬಂದ, ಇವತ್ತಿಗೂ ಆ ದಿನ ಯೂಟಾಕ್ಕ ಸರಕಾರಿ ರಜಾ. ಅಲ್ಲಿ ಬಹುಪತ್ನಿತ್ವ ಬಹಿರಂಗವಾಗೇ ನಡೀತು. 1890ರಾಗ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅದನ್ನ ಬಿಡ್ತೀವಿ ಅಂತ ಪ್ರಕಟಣೆ ಹೊರಡಿಸಿದ. ಈಗ ಯಾರಾದ್ರೂ ಮಾಡಿದ್ರ ಚರ್ಚಿನಿಂದ ಹೊರಗ ಹಾಕ್ತಾರ. ಯೂಟಾ ಅರಿಜೋನಾ ಗಡಿಯೊಳಗ ಇನ್ನೂ ನಡಸೂ ಗುಂಪು ಇದ್ದಾವ, ಟಿವಿಯೊಳಗ ಬರೂದು ಹೆಚ್ಚಾಗಿ ಅಂಥವರ ಕತಿ. ಅವರಿಗೂ ಅಕ್ಕಾರ ಪಕ್ಕದ ಮನಿಯವ್ರಿಗೂ ಸಂಬಂಧ ಇಲ್ಲ.

ಸ್ವಾತಂತ್ರ್ಯದ ಮಾತು ಬಂತಂದ್ರ ಒಂದು ಹೆಸರು ಹೇಳಬೇಕು. ಮಾರ್ಥಾ ಹ್ಯೂಸ್ ಕ್ಯಾನನ್. ಡಾಕ್ಟರ್, ಮಾರ್ಮನ್, ಬಹುಪತ್ನಿ ಸಂಸಾರದಾಗಿನ ಹೆಂಡತಿ. 1896ರಾಗ ಯೂಟಾ ಸೆನೆಟ್ ಚುನಾವಣಿಗೆ ಡೆಮಾಕ್ರಟ್ ಆಗಿ ನಿಂತಳು, ರಿಪಬ್ಲಿಕನ್ ಅಭ್ಯರ್ಥಿಗಳಾಗ ಆಕಿ ಗಂಡನೂ ಒಬ್ಬ. ಆಕಿ ಗೆದ್ದಳು, ಅಂವ ಸೋತ. ಅಮೆರಿಕದಾಗ ರಾಜ್ಯ ಸೆನೆಟ್‌ಗೆ ಆರಿಸಿ ಬಂದ ಮೊದಲ ಹೆಣ್ಣುಮಗಳು ಆಕಿ. ಯೂಟಾದ ಹೆಣ್ಣುಮಕ್ಕಳಿಗೆ 1870ರಾಗೇ ಮತ ಹಾಕೂ ಹಕ್ಕಿತ್ತು. ಬಹುಪತ್ನಿತ್ವ ಹತ್ತಿಕ್ಕಲಿಕ್ಕೆ 1887ರಾಗ ಅಮೆರಿಕದ ಕಾಂಗ್ರೆಸ್ ತಂದ ಕಾನೂನೇ ಅದನ್ನ ಕಸಗೊಂಡಿತು, 1896ಕ್ಕ ಯೂಟಾ ರಾಜ್ಯ ಆದಾಗ ಮತ್ತ ಬಂತು. ಇದನ್ನ ಓದಿದಮ್ಯಾಲೆ "ಪಾಪ, ತುಳಿತಕ್ಕ ಒಳಗಾದವ್ರು" ಅಂತ ಒಂದ ಮಾತಿನ್ಯಾಗ ಮುಗಿಸಲಿಕ್ಕೆ ನನಗ ಆಗೂದಿಲ್ಲ.

ಬೆಳಗಿನಬೆಂಗಳೂರು

ಇಷ್ಟು ದಿನ ಇಲ್ಲಿ ಓದುತ್ತಿದ್ದೆನೇ ಹೊರತು ಬರೆದಿರಲಿಲ್ಲ. ನಾನು ಈ ಚರ್ಚಿನ ಸದಸ್ಯೆ. ಕನ್ನಡದವಳು, ಕೋಲಾರದ ಕಡೆಯವಳು, ಬೆಂಗಳೂರಲ್ಲಿ ಕೆಲಸ. ನೀವೆಲ್ಲ ಮಾರ್ಮನ್ ಎನ್ನುತ್ತೀರಿ. 2018ರಲ್ಲಿ ನಮ್ಮ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಅವರು ಚರ್ಚಿನ ಪೂರ್ತಿ ಹೆಸರನ್ನೇ ಬಳಸಿ ಎಂದು ಕೇಳಿಕೊಂಡಿದ್ದರು: ಯೇಸು ಕ್ರಿಸ್ತನ ಅಂತ್ಯದಿನಗಳ ಸಂತರ ಸಭೆ. ಉದ್ದವಾಯಿತೆಂದು ಗೊತ್ತು. ಇಲ್ಲಿ ಹೇಗೆ ಕರೆದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಹಳೇಮೈಸೂರು ಅಂಕಲ್, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಬದುಕಿನಿಂದಲೇ ಉತ್ತರ ಹೇಳುತ್ತೇನೆ. ಕಾಲೇಜಿನ ಗೆಳತಿಯೊಬ್ಬಳ ಜೊತೆ ಭಾನುವಾರದ ಸಭೆಗೆ ಹೋಗುತ್ತಿದ್ದೆ. ತುಂಬ ಸಮಯ ಬರೀ ಕೂತು ಕೇಳಿದೆ. ಆಮೇಲೆ ನಮ್ಮ ಧರ್ಮಗ್ರಂಥವಾದ ಮಾರ್ಮನ್ ಗ್ರಂಥ ಓದಿದೆ, ಪ್ರಾರ್ಥಿಸಿದೆ, ತೀರ್ಮಾನ ಮಾಡಿದೆ. ಯಾರೂ ನನಗೆ ದುಡ್ಡು ಕೊಡಲಿಲ್ಲ, ಈಗ ನಾನೇ ಹತ್ತನೇ ಪಾಲು ಕೊಡುತ್ತೇನೆ. ಅಪ್ಪನಿಗೆ ನೋವಾಯಿತು. ನಮ್ಮ ಮನೆಯಲ್ಲಿ ಮಾತು ನಿಂತಿದ್ದ ದಿನಗಳಿದ್ದವು. ಆ ನೋವನ್ನು ನಾನು ಚಿಕ್ಕದು ಮಾಡಿ ಹೇಳಲಾರೆ. ಆದರೆ ನನ್ನ ನಂಬಿಕೆಯನ್ನು ಬೇರೆಯವರು ನನ್ನ ತಲೆಯಲ್ಲಿ ತುಂಬಿದರು ಎಂದರೆ ಅದು ನನಗೆ ಮಾಡುವ ಅವಮಾನ. ನನಗೂ ಬುದ್ಧಿ ಇದೆ.

ದಿನನಿತ್ಯದ ಮಾತು ಹೇಳುವುದಾದರೆ, ನನಗೆ ಬಿಡಲು ಕಷ್ಟವಾದದ್ದು ಫಿಲ್ಟರ್ ಕಾಫಿ. ಬೆಳಿಗ್ಗೆ ಅಮ್ಮ ಡಿಕಾಕ್ಷನ್ ಇಳಿಸಿದ ವಾಸನೆಗೇ ಎಚ್ಚರವಾಗುವ ಮನೆ ನಮ್ಮದು. ಈಗ ಅಮ್ಮನೇ ನನಗೆ ರಾಗಿ ಮಾಲ್ಟ್ ಬೇರೆ ಕಲಸಿಡುತ್ತಾಳೆ. ಯುಗಾದಿಗೆ ಮನೆಗೆ ಹೋಗುತ್ತೇನೆ, ಬೇವು ಬೆಲ್ಲ ತಿನ್ನುತ್ತೇನೆ, ಹೋಳಿಗೆ ತಟ್ಟುತ್ತೇನೆ, ಪೂಜೆಯ ಹೊತ್ತಿಗೆ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೇನೆ. ಅಪ್ಪ ಈಗ ಏನೂ ಅನ್ನುವುದಿಲ್ಲ. ಆಫೀಸಿನ ಪಾರ್ಟಿಗಳಲ್ಲಿ ಕುಡಿಯದಿರುವುದು ನನ್ನನ್ನು ಯಾವತ್ತೂ ಕಷ್ಟಕ್ಕೆ ಸಿಕ್ಕಿಸಿಲ್ಲ, ನಮ್ಮ ಕಡೆ ಕುಡಿಯದ ಹೆಣ್ಣುಮಕ್ಕಳೇ ಹೆಚ್ಚು. ಕಷ್ಟ ಬರುವುದು ಮದುವೆ ಮಾತು ಬಂದಾಗ. ನಮ್ಮ ಸಭೆಯಲ್ಲಿ ಮದುವೆ ವಯಸ್ಸಿನ ಹುಡುಗರು ಬೆರಳೆಣಿಕೆ. ಮನೆಯವರಿಗೆ ಜಾತಿ ಬೇಕು, ನನಗೆ ಜೊತೆಯಲ್ಲಿ ಪ್ರಾರ್ಥನೆ ಮಾಡುವವನು ಬೇಕು. ಇದಕ್ಕೆ ದಾರಿ ಇನ್ನೂ ಕಂಡಿಲ್ಲ.

ಬೆಂಗಳೂರಿನಲ್ಲಿ ನಮ್ಮ ಮಿಷನ್ ಶುರುವಾದದ್ದು 1993ರಲ್ಲಿ. ದೇವಾಲಯದ (ಮೇಲೆ ಟೆಂಪಲ್ ಎಂದಿದ್ದಾರಲ್ಲ, ಅದರ) ವಿಧಿಗಳಿಗೆ ಭಾರತದವರು ಹಾಂಕಾಂಗ್‌ನಷ್ಟು ದೂರ ಹೋಗಬೇಕಿತ್ತು. ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು, ಹಾಗಾಗಿ ಎಷ್ಟೋ ಜನಕ್ಕೆ ಅದು ಕನಸೇ. 2018ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ದೇವಾಲಯ ಎಂದು ಘೋಷಿಸಿದಾಗ, 2020ರ ಡಿಸೆಂಬರ್‌ನಲ್ಲಿ ಗುದ್ದಲಿಪೂಜೆಯಾದಾಗ ನಮ್ಮ ಸಭೆಯ ಹಿರಿಯ ಹೆಂಗಸರು ಅತ್ತದ್ದನ್ನು ನಾನು ಮರೆಯುವುದಿಲ್ಲ. ಭಾರತಕ್ಕೇ ಅದು ಮೊದಲನೆಯದು.

ತುಂಗಾತೀರ ಅಕ್ಕ, ನಾನೂ ಮಿಷನ್ ಮಾಡಿದ್ದೇನೆ, ವಿಶಾಖಪಟ್ಟಣದ ಕಡೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಯಾವಾಗಲೂ ಇಬ್ಬಿಬ್ಬರು, ಒಬ್ಬರೇ ಎಲ್ಲಿಗೂ ಹೋಗುವಂತಿಲ್ಲ. ಸಿನಿಮಾ ಇಲ್ಲ, ಪ್ರೀತಿ ಪ್ರೇಮ ಇಲ್ಲ. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ಮನೆಗೆ ಫೋನು ಮಾಡಲು ಬಿಡುವು. 2019ಕ್ಕೆ ಮೊದಲು ಫೋನು ಕ್ರಿಸ್ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ ಮಾತ್ರ ಇತ್ತಂತೆ. ಹತ್ತು ಬಾಗಿಲು ತಟ್ಟಿದರೆ ಒಂಬತ್ತು ಮುಚ್ಚುತ್ತವೆ. ಬೇಡ ಎಂದವರಿಗೆ ವಂದಿಸಿ ಮುಂದೆ ಹೋಗುವುದನ್ನು ಆ ಹುಡುಗಿ ಅಲ್ಲಿ ಕಲಿಯುತ್ತಾಳೆ. ಕಾಯಿಲೆಯವರ ಮನೆಯಲ್ಲಿ ಪಾತ್ರೆ ತೊಳೆದಿದ್ದು, ಅಜ್ಜಿಯೊಬ್ಬರಿಗೆ ಅಕ್ಷರ ತಿದ್ದಿಸಿದ್ದು ನನ್ನ ಮಿಷನ್ನಿನ ಒಳ್ಳೆಯ ದಿನಗಳು.

ಕಡಲತಡಿ

ಬೆಳಗಿನಬೆಂಗಳೂರು, ನೀವು ಬರೆದದ್ದು ಓದಿ ನಿಮ್ಮ ಮೇಲೆ ಗೌರವ ಹೆಚ್ಚಿತು. ನಾನು ಮಂಗಳೂರಿನವಳು, ಅರಿಜೋನಾದ ಮೇಸಾದಲ್ಲಿ ಇದ್ದೇನೆ. ಇಲ್ಲಿಯೂ ನಿಮ್ಮವರು ತುಂಬ. ನನ್ನ ಆಪ್ತ ಗೆಳತಿ ಈ ಚರ್ಚಿನಲ್ಲೇ ಹುಟ್ಟಿ ಬೆಳೆದು, ಮೂವತ್ತು ತುಂಬುವ ಮೊದಲು ಬಿಟ್ಟವಳು. ಅವಳ ಪರವಾಗಿಯೂ ಯಾರಾದರೂ ಮಾತಾಡಬೇಕು.

ಪೌರೋಹಿತ್ಯದ ಅಧಿಕಾರ ಇಲ್ಲಿ ಗಂಡಸರಿಗೆ ಮಾತ್ರ. ಹನ್ನೆರಡರ ತಮ್ಮ ಎದ್ದು ರೊಟ್ಟಿಯ ತಟ್ಟೆ ಹಿಡಿಯುತ್ತಾನೆ, ಹದಿನೇಳರ ಅಕ್ಕ ಕೂತು ನೋಡುತ್ತಾಳೆ. ಮಿಷನ್‌ಗೆ ಹುಡುಗರು ಹದಿನೆಂಟಕ್ಕೇ ಹೋಗಬಹುದು ಎಂದಾದಾಗಲೂ ಹುಡುಗಿಯರಿಗೆ ಅದನ್ನು 21ರಿಂದ 19ಕ್ಕೆ ಇಳಿಸಿದ್ದು ಅಷ್ಟೆ. ಅದೂ 2012ರಲ್ಲಿ. ಹುಡುಗಿಯರಿಗೂ ಹದಿನೆಂಟು ಎಂದಾದದ್ದು 2025ರಲ್ಲಿ. 2012ರ ಆ ಒಂದು ಬದಲಾವಣೆಗೇ ಸಾವಿರಾರು ಹುಡುಗಿಯರು ಮುಂದೆ ಬಂದರು. ಹೋಗುವ ಆಸೆ ಅವರಲ್ಲಿ ಮೊದಲೇ ಇತ್ತು ಎಂದಾಯಿತಲ್ಲ. ಹೆಣ್ಣಿಗೂ ಪೌರೋಹಿತ್ಯ ಬೇಕೆಂದು ಚಳವಳಿ ಕಟ್ಟಿದ ಕೇಟ್ ಕೆಲ್ಲಿಯವರನ್ನು 2014ರಲ್ಲಿ ಸದಸ್ಯತ್ವದಿಂದ ತೆಗೆದರು. ಬ್ಯಾಪ್ಟಿಸಮ್ಮಿಗೆ ಸಾಕ್ಷಿಯಾಗಿ ಹೆಂಗಸರು ನಿಲ್ಲಬಹುದು ಎಂದು ಒಪ್ಪಿದ್ದು 2019ರಲ್ಲಿ. ಸಾಕ್ಷಿ ನಿಲ್ಲುವುದಕ್ಕೂ ಅಷ್ಟು ವರ್ಷ ಕಾಯಬೇಕಿತ್ತೇ?

ಗೆಳತಿಯ ಮದುವೆ ದೇವಾಲಯದೊಳಗೆ ಆಯಿತು. ಸದಸ್ಯರಲ್ಲದವರಿಗೆ ಒಳಗೆ ಪ್ರವೇಶವಿಲ್ಲದ್ದರಿಂದ, ಚರ್ಚಿಗೆ ಸೇರದಿದ್ದ ಅವಳ ತಂದೆ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೊದಲು ಸರಕಾರಿ ಮದುವೆಯಾದರೆ ಒಂದು ವರ್ಷ ಕಾದು ಆಮೇಲೆ ದೇವಾಲಯಕ್ಕೆ ಬರಬೇಕು ಎಂಬ ನಿಯಮ ಅಮೆರಿಕದಲ್ಲಿ ಆಗ ಇತ್ತು, 2019ರಲ್ಲಿ ತೆಗೆದರು. ಒಬ್ಬ ಅಪ್ಪನಿಗೆ ಆ ಬೆಂಚು ಏನು ಅಂತ ನಮಗೆ ಹೇಳಿಕೊಡಬೇಕಿಲ್ಲ. ಚರ್ಚು ಬಿಟ್ಟ ಮೇಲೆ ಅವಳಿಗೆ ಹೋದದ್ದು ಭಾನುವಾರ ಒಂದೇ ಅಲ್ಲ. ಅಡುಗೆ ತಂದುಕೊಡುತ್ತಿದ್ದ ನೆರೆಯವರು, ಮಕ್ಕಳ ಗೆಳೆಯರು, ಅಕ್ಕತಂಗಿಯರ ಸಲಿಗೆ, ಎಲ್ಲ ಸಡಿಲವಾದವು. ಒಂದು ಊರೇ ಒಂದು ನಂಬಿಕೆಯ ಸುತ್ತ ಕಟ್ಟಿಕೊಂಡಾಗ ನಂಬಿಕೆ ಕಳೆದುಕೊಂಡವಳಿಗೆ ಊರೂ ಇಲ್ಲವಾಗುತ್ತದೆ. ತುಂಗಾತೀರ ಅವರೇ, ಆ ಹುಡುಗಿಯನ್ನು ಪ್ರೀತಿಸಿ. ನಾಳೆ ಅವಳು ನಂಬಿಕೆ ಬದಲಿಸಿದರೂ ನಿಮ್ಮ ಮನೆಯ ಬಾಗಿಲು ತೆರೆದಿರುತ್ತದೆ ಎಂದು ಅವಳಿಗೆ ಗೊತ್ತಿರಲಿ.

ಬೆಳಗಿನಬೆಂಗಳೂರು

ಕಡಲತಡಿ ಅಕ್ಕ, ನಿಮ್ಮ ಗೆಳತಿಗೆ ಹಾಗಾಗಬಾರದಿತ್ತು. ನಾನು ಚರ್ಚಿಗೆ ಸೇರಿದ್ದಕ್ಕೆ ಮನೆಯಲ್ಲಿ ಆದದ್ದೇ, ಅವರು ಬಿಟ್ಟಿದ್ದಕ್ಕೆ ಅವರ ಮನೆಯಲ್ಲಿ ಆಗಿದೆ.

ಪೌರೋಹಿತ್ಯದ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ನಾನು ಹಿಡಿದುಕೊಂಡಿರುವುದು ಹೇಳುತ್ತೇನೆ. ನಮ್ಮಲ್ಲಿ ದೇವರನ್ನು ತಂದೆ ಎಂದಷ್ಟೇ ಅಲ್ಲ, ಪರಲೋಕದಲ್ಲಿ ತಾಯಿಯೂ ಇದ್ದಾಳೆ ಎಂದು ನಂಬುತ್ತೇವೆ. ಹದಿಹರೆಯದ ಹುಡುಗಿಯರು ತಾವು ಆ ತಂದೆತಾಯಿಯ ಮಕ್ಕಳೆಂದು ಭಾನುವಾರ ನಿಂತು ಹೇಳುತ್ತಾರೆ. ಹೆಂಗಸರ ರಿಲೀಫ್ ಸೊಸೈಟಿ 1842ರಿಂದ ಇದೆ, ಮೊದಲ ಅಧ್ಯಕ್ಷೆ ಜೋಸೆಫ್ ಸ್ಮಿತ್‌ರ ಹೆಂಡತಿ ಎಮ್ಮಾ. ಅಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಸರದಿಯ ಮೇಲೆ ಊಟ ತಂದವರು ಆ ಸೊಸೈಟಿಯ ಹೆಂಗಸರು. ಅಮ್ಮ ನನ್ನ ಚರ್ಚನ್ನು ಒಪ್ಪಿಕೊಂಡಿಲ್ಲ. ಅವರನ್ನು ಮಾತ್ರ ಹೆಸರು ಹಿಡಿದು ವಿಚಾರಿಸುತ್ತಾಳೆ. ಇಷ್ಟರಿಂದ ನಿಮ್ಮ ಪ್ರಶ್ನೆ ತೀರಿತು ಎನ್ನುತ್ತಿಲ್ಲ. ಅದನ್ನು ಒಳಗಿದ್ದುಕೊಂಡೇ ಕೇಳುವವರು ನಾವೂ ಇದ್ದೇವೆ.

ಹಳೇಮೈಸೂರು

ಮಗಳೇ, ನಿನ್ನ ಮಾತು ಎರಡು ಸಲ ಓದಿದೆ. ಮನೆ ಮನೆಗೆ ಹೋಗಿ ಮತ ಹೇಳುವುದು ನನಗೆ ಈಗಲೂ ಇಷ್ಟವಿಲ್ಲ, ಅದನ್ನು ಬದಲಿಸಿಕೊಳ್ಳಲಾರೆ. ಆದರೆ ನಿನ್ನ ತೀರ್ಮಾನ ನಿನ್ನದು ಎಂಬುದನ್ನು ಒಪ್ಪುತ್ತೇನೆ. ಅಪ್ಪನ ಹತ್ತಿರ ಆಗಾಗ ಕೂತು ಮಾತಾಡು.

ಧಾರವಾಡದವರೇ, ಯೂಟಾದಲ್ಲಿ ನಮ್ಮ ದೇವಸ್ಥಾನಗಳ ಜೊತೆ ಇವರ ಸಂಬಂಧ ಹೇಗಿದೆ?

ಧಾರವಾಡದಾಂವ

ಭಾಳ ಛಲೋ ಅದರಿ. ಸ್ಪ್ಯಾನಿಷ್ ಫೋರ್ಕ್‌ನ್ಯಾಗ ಗುಡ್ಡದ ಮ್ಯಾಲೆ ರಾಧಾಕೃಷ್ಣ ಗುಡಿ ಅದ. ಅಲ್ಲಿ ಹೋಳಿ ಹಬ್ಬಕ್ಕ ಬಣ್ಣ ಆಡಲಿಕ್ಕೆ ಬರೋರು ಮುಖ್ಯವಾಗಿ ಪ್ರೋವೋದ ಬ್ರಿಗ್‌ಹ್ಯಾಮ್ ಯಂಗ್ ಯೂನಿವರ್ಸಿಟಿಯ ಮಾರ್ಮನ್ ಹುಡುಗ ಹುಡುಗಿಯರು. ಹೆಂಡ ಇಲ್ಲ, ಸಿಗರೇಟ್ ಇಲ್ಲ, ಕೃಷ್ಣನ ಹೆಸರಿನ್ಯಾಗ ಕುಣೀತಾರ. ಸೌತ್ ಜೋರ್ಡನ್‌ನ್ಯಾಗ ಗಣೇಶನ ಗುಡಿನೂ ಅದ.

ತುಂಗಾತೀರ

ಹೋಗಿ ಬಂದೆವು. ಎಲ್ಲರಿಗೂ ಉಪಕಾರ, ಮುಖ್ಯವಾಗಿ ತಟ್ಟೆ ದಾಟಿಸುವ ವಿಷಯ ಹೇಳಿದ್ದಕ್ಕೆ.

ಸಭೆಯಲ್ಲಿ ಅವಳು ಕಾಗದ ನೋಡದೆ ಮಾತಾಡಿದಳು. ತನಗೆ ಚೀನೀ ಭಾಷೆ ಬರುವುದಿಲ್ಲ, ಮೊದಲು ಪ್ರೋವೋದ ತರಬೇತಿ ಕೇಂದ್ರದಲ್ಲಿ ಕಲಿಯಬೇಕು, ಹೆದರಿಕೆ ಇದೆ, ಆದರೂ ಹೋಗುತ್ತೇನೆ ಎಂದಳು. ಕಳೆದ ವರ್ಷ ಅವಳ ಅಣ್ಣ ಚರ್ಚು ಬಿಟ್ಟಿದ್ದಾನೆ. ಅವನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಊಟದ ಹೊತ್ತಿಗೆ ಪಾತ್ರೆ ತೊಳೆಯುತ್ತ ನಿಂತಿದ್ದಾಗ ಕಡಲತಡಿಯವರು ಎತ್ತಿದ ಪ್ರಶ್ನೆಗಳನ್ನೇ ಅವಳಿಗೆ ಕೇಳಿದೆ. ಅವಳು ಮುಖ ತಿರುಗಿಸಲಿಲ್ಲ. ತಮ್ಮನ ತಟ್ಟೆಯ ಮಾತು ತನಗೂ ಹದಿನಾಲ್ಕರಿಂದ ಕಾಡುತ್ತಿದೆ, ಅಣ್ಣನ ಜೊತೆ ರಾತ್ರಿಯೆಲ್ಲ ವಾದ ಮಾಡಿದ್ದೇನೆ, ಅವನಿಗೆ ಉತ್ತರ ಸಿಗದ ಕಡೆ ನನಗೂ ಸಿಕ್ಕಿಲ್ಲ, ಆದರೆ ಪ್ರಾರ್ಥಿಸುವಾಗ ಯಾರೋ ಕೇಳುತ್ತಿದ್ದಾರೆ ಎಂಬುದು ನನಗೆ ಅನುಮಾನಕ್ಕಿಂತ ಗಟ್ಟಿ ಎಂದಳು. ನನಗೆ ಈ ಮತದ ಸತ್ಯಾಸತ್ಯ ತೀರ್ಮಾನಿಸುವ ಯೋಗ್ಯತೆ ಬೇಕಿಲ್ಲ. ಹತ್ತೊಂಬತ್ತಕ್ಕೆ ಇಷ್ಟು ಯೋಚಿಸಿದವಳನ್ನು "ತಲೆ ಕೆಡಿಸಿದ್ದಾರೆ" ಎನ್ನುವವರ ಮಾತನ್ನು ಮಾತ್ರ ನಾನು ಇನ್ನು ಕೇಳಿಸಿಕೊಳ್ಳುವುದಿಲ್ಲ. ವಾಟ್ಸಾಪ್ ಗುಂಪಿನಲ್ಲೂ ಹಾಗೆಯೇ ಬರೆದಿದ್ದೇನೆ.

ಕಡಲತಡಿಯವರೇ, ಬಾಗಿಲಿನ ಮಾತು ಹೇಳಿದೆ. ಅವಳಿಗೂ ಹೇಳಿದೆ, ಅವಳ ಅಣ್ಣನಿಗೂ ಹೇಳಿದೆ.

ಈಗ ಇನ್ನೊಂದು ವಿಚಾರಣೆ. ಅವಳನ್ನು ತೈಚುಂಗ್ ಕಡೆ ಹಾಕಿದ್ದಾರೆ. ಅಲ್ಲಿ ಕನ್ನಡದವರು ಯಾರಾದರೂ ಇದ್ದೀರಾ? ಬೇರೇನೂ ಬೇಡ, ಒಂದು ದಿನ ಮನೆ ಊಟ ಹಾಕಿದರೆ ಸಾಕು. ಬಿಸಿಬೇಳೆಬಾತ್ ಅಂದರೆ ಅವಳಿಗೆ ಪ್ರಾಣ.

ಚಿಪ್‌ಕೆಲಸ_ಹಾಸನ

ಅಕ್ಕ, ನಾನೂ ನನ್ನ ಹೆಂಡತಿಯೂ ಹ್ಸಿಂಚುನಲ್ಲಿ ಇದ್ದೇವೆ, ಅಲ್ಲಿಂದ ತೈಚುಂಗ್ ರೈಲಿನಲ್ಲಿ ಹೆಚ್ಚು ದೂರವಿಲ್ಲ. ತೈಚುಂಗ್‌ನಲ್ಲೇ ನಮ್ಮ ಪರಿಚಯದ ಒಂದು ಕನ್ನಡ ಕುಟುಂಬವಿದೆ. ಕೇಳಿ ಹೇಳುತ್ತೇನೆ. ಮಿಷನ್ನಿನ ಹುಡುಗಿಯರನ್ನು ಊಟಕ್ಕೆ ಕರೆಯುವಾಗ ಪಾಲಿಸಬೇಕಾದದ್ದು ಏನಾದರೂ ಇದೆಯೇ?

ಬೆಳಗಿನಬೆಂಗಳೂರು

ಅಣ್ಣ, ಇಬ್ಬರಿಗೂ ಸೇರಿಸಿ ಅಡುಗೆ ಮಾಡಿಸಿ, ಜೊತೆಗಾತಿ ಬಂದೇ ಬರುತ್ತಾಳೆ. ಆ ಮನೆಯಲ್ಲಿ ಹೆಂಗಸರೂ ಇರಲಿ, ಗಂಡಸರೊಬ್ಬರೇ ಇರುವ ಮನೆಗೆ ಹುಡುಗಿಯರು ಬರುವಂತಿಲ್ಲ. ಟೀ ಬೇಡ, ಮಜ್ಜಿಗೆ ಕೊಡಿ. ರಾತ್ರಿ ಒಂಬತ್ತರ ಹೊತ್ತಿಗೆ ಅವರು ರೂಮು ಸೇರಬೇಕಾಗುತ್ತದೆ, ಅದಕ್ಕೆ ಊಟ ಬೇಗ ಬಡಿಸಿ. ಹೊರಡುವ ಮೊದಲು ಪ್ರಾರ್ಥನೆ ಮಾಡಲೇ ಎಂದು ಕೇಳಬಹುದು. ನಿಮಗೆ ಬೇಡವೆನಿಸಿದರೆ ಬೇಡ ಎಂದು ನೇರವಾಗಿ ಹೇಳಿ, ಇಬ್ಬರೂ ಬೇಸರವಿಲ್ಲದೆ ಊಟಕ್ಕೆ ಧನ್ಯವಾದ ಹೇಳಿ ಎದ್ದು ಹೋಗುತ್ತಾರೆ.

ಚಿಪ್‌ಕೆಲಸ_ಹಾಸನ

ಸರಿಯಮ್ಮ. ತುಂಗಾತೀರ ಅಕ್ಕ, ಆ ಕುಟುಂಬದವರು ಒಪ್ಪಿದ್ದಾರೆ. ಹುಡುಗಿ ತೈಚುಂಗ್ ತಲುಪಿದ ಮೇಲೆ ನನಗೆ ಇಲ್ಲೇ ಖಾಸಗಿ ಸಂದೇಶ ಕಳಿಸಿ.